ಮಿಂಚಂಚೆಗೆ ದಾರಿ ಹಾಕಿದ ಜಾನ್ ಪೋಸ್ಟೆಲ್

ಅರಮನೆ ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಊರ ದಾರಿಗೆ ಕಲ್ಲು ಹಾಸಿದವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೆ ದಿನವೂ ನಾವು ನಡೆಯುವುದು ಆ ದಾರಿಯಲ್ಲಿಯೇ. ಈ-ಮೇಲ್ ಎಂಬ ಮಿಂಚಂಚೆಯ ದಾರಿಗೆ ಕಲ್ಲು ಹಾಸಿದವರಲ್ಲಿ ಜೊನಾಥನ್ ಬ್ರೂಸ್ ಪೋಸ್ಟೆಲ್ ಅಗ್ರಗಣ್ಯರು.

ಪೋಸ್ಟೆಲ್ ಅವರು ೧೯೪೩ನೆಯ ಇಸವಿ ಆಗಸ್ಟ್ ೬ರಂದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಆಲ್ಟಡೀನಾ ಎಂಬಲ್ಲಿ ಜನಿಸಿದರು. ಲಾಸ್ ಏಂಜಲಿಸ್ಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದಿ ೧೯೬೬ರಲ್ಲಿ ಪದವಿಯನ್ನೂ ೧೯೬೮ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ೧೯೭೪ರಲ್ಲಿ ಅಲ್ಲಿಯೇ ಡಾಕ್ಟರೇಟ್ ದೊರೆಯಿತು.

ಅವರ ವಿದ್ಯಾರ್ಥಿ ದೆಸೆಯಲ್ಲಿಯೇ ಒಂದು ಮಹತ್ತರ ಪ್ರಯೋಗ ನಡೆಯಿತು. ೧೯೬೯ರ ಅಕ್ಟೋಬರ್ ೨೯ರಂದು ಅದೇ ವಿಶ್ವವಿದ್ಯಾನಿಲಯದ ಗಣಕಯಂತ್ರವು ದೂರದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಗಣಕಯಂತ್ರದೊಡನೆ ಮಾತನಾಡಿತು. ಇಂದಿನ ಇಂಟರ್ನೆಟ್ಟಿನ ಪೂರ್ವಜವಾದ ಆರ್ಪಾನೆಟ್ ಹುಟ್ಟಿದ್ದು ಹೀಗೆ. ಈ ಜಾಲದ ನಿಯಮಗಳನ್ನು ಚರ್ಚಿಸಲು ಸ್ಟೀವ್ ಕ್ರಾಕರ್ ಆರಂಭಿಸಿದ ಆರ್.ಎಫ್.ಸಿ. ಎಂಬ ಪತ್ರಮಾಲೆಗೆ ಪೋಸ್ಟೆಲ್ ಸಂಪಾದಕರಾದರು. ಆ ಹೊಣೆಯನ್ನು ಕೊನೆಯುಸಿರಿನವರೆಗೂ ಬಿಡಲಿಲ್ಲ. ಜಾಲದಲ್ಲಿ ಯಾವ ಸೇವೆಗೆ ಯಾವ ಅಂಕೆ ಎಂಬುದನ್ನು ಒಬ್ಬರು ನೋಡಿಕೊಳ್ಳಬೇಕೆಂದು ೧೯೭೨ರಲ್ಲಿ ಸೂಚಿಸಿದವರೂ ಅವರೇ, ಆ ಕೆಲಸವನ್ನು ಹೊತ್ತವರೂ ಅವರೇ.

ಆ ಕಾಲದ ಗಣಕಯಂತ್ರಗಳು ಒಂದೊಂದೂ ಒಂದೊಂದು ಜಾತಿ. ಟೆನೆಕ್ಸ್, ಟಾಪ್ಸ್-೨೦, ಯುನಿಕ್ಸ್ ಎಂದು ಅವುಗಳ ಕಾರ್ಯವ್ಯವಸ್ಥೆಗಳೂ ಬೇರೆ ಬೇರೆ. ಒಂದರಲ್ಲಿ ಬರೆದ ಪತ್ರವು ಇನ್ನೊಂದಕ್ಕೆ ತಪ್ಪದೆ ತಲುಪುವುದು ಹೇಗೆ? ೧೯೭೭ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು ಸೇರಿದ ಪೋಸ್ಟೆಲ್ ಈ ಪ್ರಶ್ನೆಗೆ ಉತ್ತರ ಹುಡುಕಿದರು. ೧೯೮೨ರ ಆಗಸ್ಟಿನಲ್ಲಿ ಪ್ರಕಟವಾದ ೮೨೧ನೆಯ ಆರ್.ಎಫ್.ಸಿ.ಯೇ ಆ ಉತ್ತರ. ಎಸ್.ಎಂ.ಟಿ.ಪಿ. ಎಂದು ಅದು ಪ್ರಸಿದ್ಧವಾಗಿದೆ.

ಅದರ ಸರಳತೆ ಬೆರಗುಗೊಳಿಸುವಂಥದು. ಕಳುಹಿಸುವ ಯಂತ್ರವು ಮೊದಲು ನಮಸ್ಕಾರ ಹೇಳಿ ತನ್ನ ಹೆಸರನ್ನು ತಿಳಿಸುತ್ತದೆ. ಬಳಿಕ ಪತ್ರ ಯಾರಿಂದ, ಯಾರಿಗೆ ಎಂಬುದನ್ನು ಹೇಳುತ್ತದೆ. ಪಡೆಯುವ ಯಂತ್ರವು ಒಪ್ಪಿದರೆ ೨೫೦ ಎಂದೂ, ಅಂಥ ವಿಳಾಸವಿಲ್ಲದಿದ್ದರೆ ೫೫೦ ಎಂದೂ ಅಂಕೆಯಿಂದ ಉತ್ತರಿಸುತ್ತದೆ. ಅನಂತರ ಪತ್ರದ ಸಾಲುಗಳು. ಒಂದು ಸಾಲಿನಲ್ಲಿ ಒಂಟಿ ಚುಕ್ಕೆ ಬಂದರೆ ಪತ್ರ ಮುಗಿಯಿತೆಂದು ಅರ್ಥ.

ಈ ಒಪ್ಪಂದದಿಂದಾದ ಲಾಭವೇನು? ಪತ್ರ ಸಾಗುವ ರೀತಿ ಬೇರೆ, ಪತ್ರ ಓದುವ ಪ್ರೋಗ್ರಾಂ ಬೇರೆ ಎಂದಾಯಿತು. ಟಾಪ್ಸ್-೨೦ ಯಂತ್ರಗಳಲ್ಲಿ ಎಂ.ಎಂ. ಎಂಬ ಅಂಚೆಯ ಪ್ರೋಗ್ರಾಂ ಇದ್ದಿತು. ಅದರಲ್ಲಿ ಚಿತ್ರಗಳಿಲ್ಲ, ಆಜ್ಞೆಗಳನ್ನು ಬೆರಳಚ್ಚಿಸಬೇಕು. ಪ್ರಶ್ನಾರ್ಥಕ ಚಿಹ್ನೆಯನ್ನೊತ್ತಿದರೆ ಮುಂದೇನು ಬರೆಯಬಹುದೆಂಬ ಪಟ್ಟಿಯನ್ನೇ ತೋರಿಸುತ್ತಿತ್ತು. ಆ ಯಂತ್ರಗಳು ಮೂಲೆ ಸೇರುವ ಕಾಲ ಬಂದಾಗ ಕೊಲಂಬಿಯ ವಿಶ್ವವಿದ್ಯಾನಿಲಯದವರು ಅದೇ ಹೆಸರಿನ, ಅದೇ ನಡೆನುಡಿಯ ಪ್ರೋಗ್ರಾಮನ್ನು ಯುನಿಕ್ಸ್‌ಗಾಗಿ ರಚಿಸಿದರು. ಯಂತ್ರ ಬದಲಾದರೂ ಬಳಸುವವರ ಕೈಯ ರೂಢಿ ಕೆಡಲಿಲ್ಲ. ಒಂದು ವ್ಯವಸ್ಥೆಯ ಅಂಚೆಯನ್ನು ಇನ್ನೊಂದು ಹೀಗೆ ಅನುಕರಿಸಿದರೂ ಹೊರಜಗತ್ತಿಗೆ ಯಾವ ತೊಡಕೂ ಆಗಲಿಲ್ಲ. ಏಕೆಂದರೆ ನಡುವಿನ ದಾರಿ ಎಲ್ಲರಿಗೂ ಸಮಾನವಾಗಿದ್ದಿತು.

ಪೋಸ್ಟೆಲ್ ದೂರದರ್ಶಿಯೂ ಹೌದು. ಬೇಡದ ಪತ್ರಗಳ ಹಾವಳಿಯನ್ನು ಕುರಿತು ಅವರು ೧೯೭೫ರಲ್ಲಿಯೇ ಎಚ್ಚರಿಸಿದ್ದರು. ತಾನು ಕಳುಹಿಸುವುದರಲ್ಲಿ ಕಟ್ಟುನಿಟ್ಟಾಗಿರಬೇಕು, ಪರರಿಂದ ಪಡೆಯುವುದರಲ್ಲಿ ಉದಾರಿಯಾಗಿರಬೇಕು ಎಂಬುದು ಅವರು ಯಂತ್ರಗಳಿಗೆ ವಿಧಿಸಿದ ನೀತಿ. ಇದು ಮನುಷ್ಯರಿಗೂ ಸಲ್ಲದ ಮಾತೇ? ಉದ್ದ ಗಡ್ಡ ಬಿಟ್ಟು, ಕಾಲಿಗೆ ಸಾಮಾನ್ಯ ಚಪ್ಪಲಿ ಮೆಟ್ಟಿ ಓಡಾಡುತ್ತಿದ್ದ ಅವರಿಗೆ ಸಿಯೆರಾ ನೆವಾಡ ಪರ್ವತಗಳಲ್ಲಿ ಚಾರಣವೆಂದರೆ ಬಲು ಪ್ರೀತಿ.

ಆದರೆ ಒಬ್ಬರ ಮೇಲಿನ ನಂಬಿಕೆಯಿಂದ ಎಷ್ಟು ಕಾಲ ಜಗತ್ತಿನ ಜಾಲ ನಡೆದೀತು? ವ್ಯಾಪಾರವೂ ಸರಕಾರವೂ ಅದರೊಳಗೆ ಪ್ರವೇಶಿಸಿದ್ದವು. ೧೯೯೮ರ ಜನವರಿಯಲ್ಲಿ, ವಿಳಾಸಗಳ ಮೂಲ ಪಟ್ಟಿಯನ್ನು ಒದಗಿಸುವ ಎಂಟು ಯಂತ್ರಗಳು ತಮ್ಮ ಸಂಸ್ಥೆಯತ್ತ ತಿರುಗಬೇಕೆಂದು ಪೋಸ್ಟೆಲ್ ಕೇಳಿದರು. ಅವುಗಳನ್ನು ನಡೆಸುವವರು ಹಾಗೆಯೇ ಮಾಡಿದರು. ಅಮೆರಿಕದ ಸರಕಾರ ಆಕ್ಷೇಪಿಸಿತು. ಅವರು ಅದನ್ನು ಪರೀಕ್ಷೆಯೆಂದು ಕರೆದು ಹಿಂದಿನಂತೆಯೇ ಮಾಡಿಸಿದರು. ಇದು ಅಧಿಕಾರ ಮೀರಿದ ನಡೆಯೆನ್ನುವವರುಂಟು. ಏನೇ ಇರಲಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಐಕಾನ್ ಎಂಬ ಹೊಸ ಸಂಸ್ಥೆ ಸ್ಥಾಪಿತವಾಗಿ, ಒಬ್ಬರ ಹೊಣೆ ಹಲವರದಾಯಿತು.

ಅದರ ಬೆಳವಣಿಗೆಯನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯ ಅನಂತರ ಉಂಟಾದ ತೊಡಕಿನಿಂದ ೧೯೯೮ರ ಅಕ್ಟೋಬರ್ ೧೬ರಂದು, ತಮ್ಮ ೫೫ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿಯು ಅವರೇ ಸಂಪಾದಿಸುತ್ತಿದ್ದ ಪತ್ರಮಾಲೆಯಲ್ಲಿ ೨೪೬೮ನೆಯದಾಗಿ ಪ್ರಕಟವಾಯಿತು.

ಪೋಸ್ಟೆಲ್ ಹಾಕಿದ ದಾರಿಗೆ ಸುಂಕದ ಕಟ್ಟೆಯಿಲ್ಲ. ಅವರ ನಿಯಮಗಳನ್ನು ಯಾರು ಬೇಕಾದರೂ ಓದಬಹುದು, ಯಾರ ಅಪ್ಪಣೆಯನ್ನೂ ಬೇಡದೆ ಬಳಸಬಹುದು. ಹಳ್ಳಿಯ ವಿದ್ಯಾರ್ಥಿ ಕಳುಹಿಸಿದ ಅರ್ಜಿಯೂ ದೊಡ್ಡ ಕಚೇರಿಯ ಆದೇಶವೂ ಇಂದಿಗೂ ಅದೇ ನಮಸ್ಕಾರದಿಂದ ಹೊರಡುತ್ತವೆ. ವಿದ್ಯೆಯನ್ನು ಹೀಗೆ ಎಲ್ಲರ ಸೊತ್ತಾಗಿಸಿದ ಬಾಳು ಸಾರ್ಥಕವೆಂಬುದರಲ್ಲಿ ಸಂದೇಹವಿಲ್ಲ.