ಬೊಂಬೆಗೆ ಉಸಿರು ಕೊಟ್ಟ ಅಸ್ಮುಂಡ್ ಲೇರ್ಡಾಲ್

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದರೆಂಬ ವರದಿಗಳು ಜನರನ್ನು ತಲ್ಲಣಗೊಳಿಸಿದವು. ಹೊಳೆನರಸೀಪುರದ ಹೇಮಾವತಿಯಲ್ಲಿ, ಅರಕಲಗೂಡು ತಾಲ್ಲೂಕಿನ ಕಾವೇರಿಯಲ್ಲಿ, ಚನ್ನರಾಯಪಟ್ಟಣ ಸೀಮೆಯ ಕೆರೆಗಳಲ್ಲಿ ಮುಳುಗಿದವರ ಸುದ್ದಿಯೂ ಹೊಸತಲ್ಲ. ವೈದ್ಯರು ಬರುವ ಮುನ್ನ ಪಕ್ಕದಲ್ಲಿದ್ದವರೇ ಎದೆಯೊತ್ತಿ, ಉಸಿರು ತುಂಬಬೇಕಾದ ಗಳಿಗೆಗಳಿವು. ಆ ವಿದ್ಯೆಯನ್ನು ಆರೋಗ್ಯವಂತರ ಮೇಲೆ ಪ್ರಯೋಗಿಸಿ ಕಲಿಯಲಾಗದು. ಕಲಿಯಲು ಬೇಕಾದ ಬೊಂಬೆಯನ್ನು ಜಗತ್ತಿಗೆ ಕೊಟ್ಟವರು ನಾರ್ವೆಯ ಆಟಿಕೆ ತಯಾರಕ ಅಸ್ಮುಂಡ್ ಲೇರ್ಡಾಲ್.

1940ರಲ್ಲಿ ಸ್ತವಾಂಗರ್ ಪಟ್ಟಣದಲ್ಲಿ ಅವರು ಆರಂಭಿಸಿದ ಸಂಸ್ಥೆ ಮೊದಲು ಶುಭಾಶಯ ಪತ್ರ, ಮಕ್ಕಳ ಪುಸ್ತಕಗಳನ್ನು ಹೊರತಂದಿತು. ಬಳಿಕ ಮರದ ಆಟಿಕೆಗಳತ್ತ ಹೊರಳಿತು. ಯುದ್ಧಾನಂತರ ಮೆದು ಪ್ಲಾಸ್ಟಿಕ್ ಬಂದಾಗ ಅದರ ಗುಣವನ್ನು ಬೇಗ ಅರಿತವರಲ್ಲಿ ಲೇರ್ಡಾಲ್ ಒಬ್ಬರು. ಆಟದ ಕಾರು, ‘ಆನ್’ ಎಂಬ ಬೊಂಬೆ, ಸೈನಿಕರ ತರಬೇತಿಗೆಂದು ಕೃತಕ ಗಾಯಗಳು ಅವರ ಅಚ್ಚುಗಳಿಂದ ಹೊರಬಂದವು. 1955ರಲ್ಲಿ ಅವರ ಎರಡು ವರ್ಷದ ಮಗ ತೋರೆ ನೀರಿಗೆ ಬಿದ್ದು ಉಸಿರು ನಿಂತಂತಾಯಿತು. ತಂದೆಯೇ ಎತ್ತಿ, ನೀರು ಹೊರಹಾಕಿಸಿ ಬದುಕಿಸಿಕೊಂಡರು.

ಬಾಯಿಗೆ ಬಾಯಿಟ್ಟು ಉಸಿರು ಕೊಡುವ ವಿಧಾನವನ್ನು ಅಮೆರಿಕದಲ್ಲಿ ಡಾ. ಪೀಟರ್ ಸಫಾರ್ ಆಗಷ್ಟೇ ಸ್ಥಾಪಿಸಿದ್ದರು. ಅದನ್ನು ಜನರಿಗೆ ಕಲಿಸಲು ಬೊಂಬೆಯೊಂದು ಬೇಕೆಂದು ನಾರ್ವೆಯ ಅರಿವಳಿಕೆ ತಜ್ಞ ಬ್ಯೋರ್ನ್ ಲಿಂಡ್ ಲೇರ್ಡಾಲ್‌ರನ್ನು ಕೇಳಿಕೊಂಡರು.

ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಗಾಜಿನ ಗಂಟೆಯೊಳಗೆ ಎರಡು ಬಲೂನು ಕಟ್ಟಿ, ಬುಡಕ್ಕೆ ರಬ್ಬರ್ ಹಾಳೆ ಬಿಗಿದು ಶ್ವಾಸಕ್ರಿಯೆ ತೋರಿಸುವುದುಂಟು. ಅಲ್ಲಿ ರಬ್ಬರು ತೆಳುವಾಗಿದ್ದರೆ ಸಾಕು. ದಪ್ಪ ಬಲೂನು ಹಾಳೆಯನ್ನೆಷ್ಟು ಎಳೆದರೂ ಉಬ್ಬದು. ಆದರೆ ನೂರಾರು ಬಾಯಿಗಳು ಊದಿ, ನೂರಾರು ಕೈಗಳು ಒತ್ತುವ ಬೊಂಬೆಯ ಕಥೆಯೇ ಬೇರೆ. ನೈಸರ್ಗಿಕ ರಬ್ಬರು ಹಿಗ್ಗುವುದರಲ್ಲಿ ಎತ್ತಿದ ಕೈ, ಆದರೆ ಬಿಸಿಲು, ಗಾಳಿ, ಎಣ್ಣೆಗಳಿಗೆ ಸೋತು ಬಿರುಕು ಬಿಡುತ್ತದೆ. ಮೃದುಕಾರಕ ಬೆರೆಸಿದ ಪಿವಿಸಿ ಅಚ್ಚಿನಲ್ಲಿ ಚರ್ಮದಂತೆಯೇ ಮೂಡುತ್ತದೆ, ಒರೆಸಿ ಮತ್ತೆ ಬಳಸಬಹುದು. ಆಟಿಕೆಗಳಲ್ಲಿ ಪಳಗಿದ್ದ ಈ ವಸ್ತುವೇ ಲೇರ್ಡಾಲ್‌ರ ನೆರವಿಗೆ ಬಂತು. ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಮಾತ್ರ ಗಾಳಿ ಒಳಹೋಗಿ ಎದೆಯುಬ್ಬುವಂತೆ ಕೊರಳನ್ನು ರೂಪಿಸಿದ್ದು ಬೊಂಬೆಯ ನಿಜವಾದ ಜಾಣ್ಮೆ. ತಪ್ಪಾಗಿ ಊದಿದವರಿಗೆ ಬೊಂಬೆಯೇ ತಪ್ಪು ತೋರಿಸುತ್ತಿತ್ತು.

ಮುಖಕ್ಕಾಗಿ ಅವರು ಆರಿಸಿಕೊಂಡದ್ದು, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕ ಅನಾಮಿಕ ತರುಣಿಯದೆಂದು ಪ್ರಚಲಿತವಾಗಿದ್ದ ಪ್ರಶಾಂತ ಮುಖವಾಡವನ್ನು. ಗಂಡಿನ ಮುಖವಾದರೆ ಕಲಿಯುವವರು ಹಿಂಜರಿದಾರೆಂಬುದು ಅವರ ಎಣಿಕೆ.

‘ರಿಸಸಿ ಆನ್’ 1960ರಲ್ಲಿ ಬಳಕೆಗೆ ಬಂತು. ಎದೆಯೊತ್ತುವ ಚಿಕಿತ್ಸೆಯ ಫಲ ಅದೇ ವರ್ಷ ಪ್ರಕಟವಾಗಲು, ಸಫಾರ್‌ರ ಸಲಹೆಯಂತೆ ಎದೆಯೊಳಗೆ ಸ್ಪ್ರಿಂಗ್ ಸೇರಿತು. ಆಟಿಕೆಯ ಕಾರ್ಖಾನೆ ಕ್ರಮೇಣ ವೈದ್ಯಕೀಯ ಉಪಕರಣಗಳ ಸಂಸ್ಥೆಯಾಯಿತು. ಲೇರ್ಡಾಲ್ 1981ರಲ್ಲಿ ನಿಧನರಾದರು. ಸಂಸ್ಥೆಯ ಹೊಣೆ ಹೊತ್ತವರು, ಅಂದು ನೀರಿನಿಂದ ಎತ್ತಿಕೊಂಡಿದ್ದ ಮಗ ತೋರೆ.