ಮಧ್ಯಾಹ್ನಕ್ಕೇ ಮುಗಿಯುತ್ತಿದ್ದ ದಿನ: ಚಾರ್ಲ್ಸ್ ಡಾರ್ವಿನ್

ಚಾರ್ಲ್ಸ್ ಡಾರ್ವಿನ್ನನ ಹೆಸರು ಕೇಳಿದೊಡನೆ ವಿಕಾಸವಾದವೂ ಗಲಾಪಗೋಸ್ ದ್ವೀಪಗಳೂ ನೆನಪಿಗೆ ಬರುತ್ತವೆ. ಆದರೆ ಜೀವಲೋಕದ ತಿಳಿವಳಿಕೆಯನ್ನೇ ಬದಲಿಸಿದ ಈ ವಿಜ್ಞಾನಿ ತನ್ನ ಆಯುಷ್ಯದ ಬಹುಭಾಗವನ್ನು ರೋಗಿಯಾಗಿ ಕಳೆದನೆಂಬುದು, ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಗಂಟೆಯಷ್ಟೇ ಗಾಢವಾಗಿ ದುಡಿಯುತ್ತಿದ್ದನೆಂಬುದು ಹಲವರಿಗೆ ತಿಳಿದಿಲ್ಲ.

ಆತ ಹುಟ್ಟಿದ್ದು 1809ರ ಫೆಬ್ರುವರಿ 12ರಂದು, ಇಂಗ್ಲೆಂಡಿನ ಶ್ರೂಸ್ಬರಿಯಲ್ಲಿ. ತಂದೆ ಹೆಸರಾಂತ ವೈದ್ಯ. ಮಗನೂ ವೈದ್ಯನಾಗಲೆಂದು ಎಡಿನ್‌ಬರೋಗೆ ಕಳುಹಿಸಿದರೂ ಅವನ ಮನಸ್ಸು ಆ ವಿದ್ಯೆಯಲ್ಲಿ ನಿಲ್ಲಲಿಲ್ಲ. ಕೇಂಬ್ರಿಜ್‌ನಲ್ಲಿ ಪದವಿ ಪಡೆದ ಮೇಲೆ, 1831ರ ಡಿಸೆಂಬರಿನಲ್ಲಿ ಬೀಗಲ್ ಎಂಬ ಹಡಗನ್ನೇರಿದ ಡಾರ್ವಿನ್ 1836ರ ಅಕ್ಟೋಬರಿನಲ್ಲಿ ಸ್ವದೇಶಕ್ಕೆ ಮರಳಿದನು. ದಕ್ಷಿಣ ಅಮೆರಿಕದ ಬಯಲುಗಳಲ್ಲಿ ದಿನಗಟ್ಟಲೆ ಕುದುರೆ ಸವಾರಿ ಮಾಡಿದ, ಬೆಟ್ಟಗಳನ್ನು ಹತ್ತಿಳಿದ ಗಟ್ಟಿ ಯುವಕನಾತ. ಆದರೆ ಊರಿಗೆ ಮರಳಿದ ಕೆಲವೇ ವರ್ಷಗಳಲ್ಲಿ ವಾಂತಿ, ತಲೆನೋವು, ಎದೆಬಡಿತ, ತೀರದ ದಣಿವು ಅವನನ್ನು ಹಿಡಿದುಕೊಂಡವು. ಆ ವ್ಯಾಧಿ ಯಾವುದೆಂಬ ಬಗ್ಗೆ ವೈದ್ಯಲೋಕದಲ್ಲಿ ಇಂದಿಗೂ ಒಮ್ಮತವಿಲ್ಲ.

1839ರಲ್ಲಿ ಎಮ್ಮಾ ವೆಜ್‌ವುಡ್‌ಳನ್ನು ವರಿಸಿದ ಡಾರ್ವಿನ್, 1842ರಲ್ಲಿ ಲಂಡನ್ನಿನ ಗದ್ದಲವನ್ನು ಬಿಟ್ಟು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದನು. ಮುಂದಿನ ನಾಲ್ವತ್ತು ವರ್ಷ ಅದೇ ಅವನ ಮನೆ, ಅದೇ ಪ್ರಯೋಗಶಾಲೆ. ಅಲ್ಲಿ ಅವನು ರೂಢಿಸಿಕೊಂಡ ದಿನಚರಿ ದೇಹವು ಬರೆದುಕೊಟ್ಟ ಕರಾರಿನಂತಿತ್ತು.

ಬೆಳಿಗ್ಗೆ ಬೇಗನೆದ್ದು ಸ್ವಲ್ಪ ತಿರುಗಾಡಿ, ಒಬ್ಬನೇ ಕುಳಿತು ಉಪಾಹಾರ ಮುಗಿಸುತ್ತಿದ್ದನು. ಎಂಟರಿಂದ ಒಂಬತ್ತೂವರೆಯವರೆಗೆ ಅಧ್ಯಯನದ ಕೊಠಡಿ. ದಿನದ ಸಮಯದಲ್ಲೆಲ್ಲ ಇದೇ ತನಗೆ ಶ್ರೇಷ್ಠವಾದುದೆಂದು ಕಂಡುಕೊಂಡಿದ್ದ ಡಾರ್ವಿನ್ ಅದನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡುತ್ತಿರಲಿಲ್ಲ. ಬಳಿಕ ಒಂದು ಗಂಟೆ ಸೋಫಾದ ಮೇಲೆ ಒರಗಿ ಮನೆಯವರಿಂದ ಪತ್ರಗಳನ್ನು ಓದಿಸಿ ಕೇಳುವುದು. ಹತ್ತೂವರೆಯಿಂದ ಮಧ್ಯಾಹ್ನ ಹನ್ನೆರಡರ ಸುಮಾರಿನವರೆಗೆ ಮತ್ತೆ ಕೆಲಸ. ಅಲ್ಲಿಗೆ ಆ ದಿನದ ದುಡಿಮೆ ಮುಗಿಯಿತೆಂದು ಆತ ತೃಪ್ತಿಯಿಂದ ಹೇಳಿಕೊಳ್ಳುತ್ತಿದ್ದುದುಂಟು.

ಹೊಲದ ಅಂಚಿನಲ್ಲಿ ತಾನೇ ಮಾಡಿಸಿದ್ದ ಮರಳುದಾರಿಯಲ್ಲಿ ಮಧ್ಯಾಹ್ನದ ನಡಿಗೆ. ಸುತ್ತುಗಳ ಲೆಕ್ಕ ತಪ್ಪದಿರಲೆಂದು ದಾರಿಯಲ್ಲಿ ಕೆಲವು ಕಲ್ಲುಗಳನ್ನಿಟ್ಟು ಸುತ್ತಿಗೊಂದರಂತೆ ಒದೆದು ಸರಿಸುತ್ತಿದ್ದನಂತೆ. ಊಟದ ಬಳಿಕ ಪತ್ರಿಕೆ, ಪತ್ರೋತ್ತರ. ಮೂರಕ್ಕೆ ವಿಶ್ರಾಂತಿ, ಆಗ ಎಮ್ಮಾ ಕಾದಂಬರಿ ಓದಿ ಹೇಳುತ್ತಿದ್ದಳು. ನಾಲ್ಕಕ್ಕೆ ಮತ್ತೊಂದು ನಡಿಗೆ, ನಾಲ್ಕೂವರೆಯಿಂದ ಒಂದು ಗಂಟೆ ಉಳಿದ ಕೆಲಸ. ರಾತ್ರಿ ಹೆಂಡತಿಯೊಡನೆ ಎರಡು ಆಟ ಬ್ಯಾಕ್‌ಗ್ಯಾಮನ್, ಆಮೇಲೆ ಅವಳ ಪಿಯಾನೋ. ಆಟದ ಲೆಕ್ಕವನ್ನೂ ಇಟ್ಟಿದ್ದನು: 1876ರ ಹೊತ್ತಿಗೆ ಅವನ ಗೆಲುವು 2795, ಎಮ್ಮಾಳದು 2490. ಅತಿಥಿಗಳೊಡನೆ ತುಸು ಹೆಚ್ಚು ಹೊತ್ತು ಮಾತಾಡಿದರೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಆದ್ದರಿಂದ ಸಂಜೆಯ ಕೂಟಗಳಿಂದ ದೂರವಿದ್ದನು.

ಲೆಕ್ಕವಿಡುವ ಈ ಗುಣವನ್ನು ಡಾರ್ವಿನ್ ತನ್ನ ದೇಹದ ಮೇಲೂ ಪ್ರಯೋಗಿಸಿದನು. 1849ರಲ್ಲಿ ಮಾಲ್ವರ್ನ್‌ನಲ್ಲಿ ಜಲಚಿಕಿತ್ಸೆ ಪಡೆದ ಮೇಲೆ 1855ರ ಆರಂಭದವರೆಗೂ ಆರೋಗ್ಯದ ದಿನಚರಿಯೊಂದನ್ನು ಬರೆದನು. ಹಗಲು ಹೇಗಿತ್ತು, ರಾತ್ರಿ ಹೇಗಿತ್ತು ಎಂಬುದನ್ನು ಚುಟುಕು ಗುರುತುಗಳಲ್ಲಿ ದಾಖಲಿಸಿ, ಒಳ್ಳೆಯ ದಿನಗಳನ್ನು ಎಣಿಸುತ್ತಿದ್ದನು. ಬಂಡೆಗೂ ಹಡಗಿನ ತಳಕ್ಕೂ ಅಂಟಿ ಬದುಕುವ ಬಾರ್ನಕಲ್ ಎಂಬ ಕಡಲಜೀವಿಗಳ ಅಧ್ಯಯನಕ್ಕೆ 1846ರಿಂದ 1854ರವರೆಗೆ ಎಂಟು ವರ್ಷ ಹಿಡಿಯಿತು. ಅದರಲ್ಲಿ ಸುಮಾರು ಎರಡು ವರ್ಷ ಕಾಯಿಲೆಗೇ ಸಂದುಹೋಯಿತೆಂದು ಅವನೇ ಲೆಕ್ಕ ಹಾಕಿದ್ದಾನೆ. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ನಮ್ಮ ಜನರ ವಿವೇಕ ಹಣಕ್ಕೆ ಮಾತ್ರವಲ್ಲ, ಕಸುವಿಗೂ ಸಲ್ಲುತ್ತದೆಂಬುದಕ್ಕೆ ಈ ಬದುಕು ನಿದರ್ಶನ.

ಈ ಕಟ್ಟಳೆ ಕದಲಿದ ದಿನಗಳೂ ಇದ್ದವು. 1851ರಲ್ಲಿ ಹತ್ತು ವರ್ಷದ ಮುದ್ದಿನ ಮಗಳು ಆನಿ ತೀರಿಕೊಂಡಳು. 1858ರ ಜೂನ್‌ನಲ್ಲಿ ದೂರದ ದ್ವೀಪಗಳಿಂದ ಆಲ್‌ಫ್ರೆಡ್ ರಸೆಲ್ ವಾಲೇಸ್ ಕಳುಹಿಸಿದ ಲೇಖನ ಕೈಸೇರಿತು. ತಾನು ಇಪ್ಪತ್ತು ವರ್ಷ ಒಳಗೇ ಬೆಳೆಸಿಕೊಂಡು ಬಂದ ವಿಚಾರವೇ ಅದರಲ್ಲಿತ್ತು. ಅದೇ ತಿಂಗಳ ಕೊನೆಗೆ ಕೆಂಪುಜ್ವರದಿಂದ ಕಿರಿಯ ಮಗು ಅಸುನೀಗಿತು. ಜುಲೈ 1ರಂದು ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿದಾಗ ಡಾರ್ವಿನ್ ಮನೆಯಲ್ಲಿ ಶೋಕದಲ್ಲಿದ್ದನು. ಆಮೇಲಿನ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಶಕ್ತಿ ಮೀರಿ ದುಡಿದು, ಜೀವಜಾತಿಗಳ ಉಗಮದ ಕುರಿತ ಗ್ರಂಥವನ್ನು ಮುಗಿಸಿದನು. 1859ರ ನವೆಂಬರ್ 24ರಂದು ಅದು ಪ್ರಕಟವಾದಾಗ ಲೇಖಕನು ಮನೆಯಲ್ಲಿರಲಿಲ್ಲ. ಬಳಲಿದ ದೇಹವನ್ನು ಹೊತ್ತು ಇಲ್ಕ್ಲಿಯ ಜಲಚಿಕಿತ್ಸಾಲಯದಲ್ಲಿದ್ದನು. ಮೀರಿದ್ದಕ್ಕೆ ದೇಹವು ತಪ್ಪದೆ ದಂಡ ಕಟ್ಟಿಸಿಕೊಂಡಿತ್ತು.

ಇಂಥ ದಿನಚರಿ ಎಲ್ಲರ ಕೈಗೆಟಕುವುದಲ್ಲವೆಂಬುದನ್ನೂ ಮರೆಯಬಾರದು. ತಂದೆಯ ಸಂಪತ್ತಿದ್ದುದರಿಂದ ಡಾರ್ವಿನ್ ಹೊಟ್ಟೆಪಾಡಿಗಾಗಿ ದುಡಿಯಬೇಕಿರಲಿಲ್ಲ. ಆಳುಕಾಳುಗಳಿದ್ದರು. ಹತ್ತು ಮಕ್ಕಳನ್ನು ಹೆತ್ತ ಎಮ್ಮಾ ಮನೆಯನ್ನೂ ರೋಗಿಯನ್ನೂ ಕಾಯ್ದಳು. ಅವಳ ದಿನವು ಅವನ ದಿನದ ಸುತ್ತ ಹೆಣೆದುಕೊಂಡಿತ್ತು. ಆದರೂ ಸಿರಿಯೂ ಬಿಡುವೂ ಇದ್ದವರೆಲ್ಲ ಡಾರ್ವಿನ್ನರಾಗಲಿಲ್ಲ. ತನ್ನಲ್ಲಿ ಕಸುವಿರುವ ಹೊತ್ತು ಯಾವುದೆಂದು ಅರಿತು, ಅದನ್ನು ಅತ್ಯಂತ ಕಠಿಣವಾದ ಕೆಲಸಕ್ಕೇ ಮೀಸಲಿಟ್ಟು, ಉಳಿದುದಕ್ಕೆ ದಣಿದ ಹೊತ್ತನ್ನು ಕೊಟ್ಟದ್ದು ಅವನದೇ ಆಯ್ಕೆ.

ಎರೆಹುಳುಗಳನ್ನು ಕುರಿತ ಅವನ ಕೊನೆಯ ಪುಸ್ತಕ 1881ರಲ್ಲಿ ಹೊರಬಂದಿತು. 1882ರ ಏಪ್ರಿಲ್ 19ರಂದು ಡೌನ್ ಮನೆಯಲ್ಲಿಯೇ ಪ್ರಾಣ ಬಿಟ್ಟ ಡಾರ್ವಿನ್ನನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಲಾಯಿತು. ಮಣ್ಣಿನಡಿಯಲ್ಲಿ ಸದ್ದಿಲ್ಲದೆ, ದಿನವೂ ಅಷ್ಟಷ್ಟೇ ದುಡಿದು ಹೊಲದ ಮೇಲ್ಮೈಯನ್ನೇ ಬದಲಿಸುವ ಆ ಹುಳುವಿನ ಕೆಲಸದ ಬೆಲೆಯನ್ನು ಬಲ್ಲವನು ಆತ.