ವೇಣೂರನ್ನು ಹೊಳೆಬದಿಯಿಂದ ನೋಡೋಣ

ಮಕ್ಕಳೇ, ಇಲ್ಲಿ ಜರ್ಮನಿಯಲ್ಲಿ ನೀವಿರುವ ಹಳ್ಳಿಯ ಚರ್ಚು ಎಷ್ಟು ಹಳೆಯದು, ತೊರೆ ಯಾವ ಕಡೆ ಹರಿಯುತ್ತದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಅಜ್ಜನ ಊರು ಯಾವುದೆಂದರೆ ಮಾತ್ರ ‘ಮಂಗಳೂರಿನ ಹತ್ತಿರ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಹಾಗಾಗಿ ಈ ಸಲ ಒಂದೇ ಒಂದು ಊರಿನ ವಿಷಯ ಬರೆಯುತ್ತೇನೆ: ಬೆಳ್ತಂಗಡಿ ತಾಲೂಕಿನ ವೇಣೂರು. ಮೂಡುಬಿದಿರೆಯಿಂದ ಸುಮಾರು 20 ಕಿಲೋಮೀಟರು.

ಪೂರ್ವಕ್ಕೆ ಪಶ್ಚಿಮ ಘಟ್ಟ. ಊರಿನ ಪಕ್ಕದಲ್ಲಿ ಫಲ್ಗುಣಿ ಹೊಳೆ. ಇದೇ ಹೊಳೆ ಮುಂದೆ ಗುರುಪುರ ನದಿ ಎನಿಸಿಕೊಂಡು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಜರ್ಮನಿಯ ಹಳ್ಳಿಗಳಂತೆ ಮನೆಗಳು ಒಂದಕ್ಕೊಂದು ಒತ್ತಿಕೊಂಡಿಲ್ಲ. ಒಂದೊಂದು ಮನೆ ಒಂದೊಂದು ತೋಟದೊಳಗೆ, ಗುಡ್ಡದ ಬುಡದಲ್ಲಿ. ಮುರಕಲ್ಲಿನ ಗುಡ್ಡಗಳು, ನಡುವೆ ಗದ್ದೆ.

ಗದ್ದೆಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡಿ. ತೀರಾ ತಗ್ಗಿನಲ್ಲಿರುವುದು ಬೈಲುಗದ್ದೆ. ಅಲ್ಲಿ ನೀರು ಬೇಗ ಆರುವುದಿಲ್ಲ, ವರ್ಷಕ್ಕೆ ಮೂರು ಬೆಳೆ: ಮಳೆಗಾಲದಲ್ಲಿ ಏಣೆಲು, ಆಮೇಲೆ ಸುಗ್ಗಿ, ಬೇಸಿಗೆಯ ಹೊತ್ತಿಗೆ ಕೊಳಕೆ. ಅದಕ್ಕಿಂತ ಮೇಲಿನ ಮಜಲಿನಲ್ಲಿ ಎರಡು. ಎತ್ತರದ ಬೆಟ್ಟುಗದ್ದೆಗೆ ಮಳೆಯೇ ಗತಿ, ಒಂದೇ ಬೆಳೆ. ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ತೋಡಿಗೆ ಅಡ್ಡಲಾಗಿ ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಆ ನೀರಿನಲ್ಲೇ ಕೊಳಕೆ ಬೆಳೆಯುತ್ತಿತ್ತು. ನನ್ನ ಅಜ್ಜಿ ಹೊಸ ಸಂಬಂಧಿಕರ ಊರಿನ ಬಗ್ಗೆ ಮೊದಲು ಕೇಳುತ್ತಿದ್ದುದು ‘ಬೈಲು ಎಷ್ಟಿದೆ?’ ಎಂದೇ. ಮನೆಯ ಅನ್ನದ ಲೆಕ್ಕವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಈಗ ಬಹಳಷ್ಟು ಬೈಲುಗಳಲ್ಲಿ ಅಡಿಕೆ ಸಸಿ ನಿಂತಿದೆ, ಕೊಳಕೆ ಅಪರೂಪವಾಗಿದೆ. ನನಗೆ ಅದು ನಿಜವಾದ ನಷ್ಟ.

ಈ ಸಣ್ಣ ಊರು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಆಳಿದವರು ಅಜಿಲರು, ಜೈನ ಅರಸರು. ಅವರಲ್ಲಿ ತಿಮ್ಮಣ್ಣ ಅಜಿಲ 1604ರಲ್ಲಿ ಇಲ್ಲಿ ಜೈನರು ಪೂಜಿಸುವ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ. ಒಂದೇ ಕಲ್ಲಿನ ಮೂರ್ತಿ, ಎತ್ತರ ಸುಮಾರು 35 ಅಡಿ, ಅಂದರೆ ಮೂರು ಮಾಳಿಗೆಯ ಮನೆಯಷ್ಟು. ಶ್ರವಣಬೆಳಗೊಳದ್ದು, ಕಾರ್ಕಳದ್ದು ಇದಕ್ಕಿಂತ ಹಳೆಯವು, ದೊಡ್ಡವು. ಕಾರ್ಕಳದ್ದು 1432ರದ್ದು.

ಕಾರ್ಕಳದ ಭೈರವರಸನಿಗೆ ಇದನ್ನು ಸಹಿಸಲಾಗಲಿಲ್ಲ ಎಂದು ಊರಲ್ಲಿ ಹೇಳುವ ಕತೆಯಿದೆ. ನೆರೆಯಲ್ಲೇ ಇನ್ನೊಬ್ಬ ಬಾಹುಬಲಿ ನಿಂತರೆ ತನ್ನ ಊರಿನ ಕೀರ್ತಿ ಕುಂದೀತು, ಮೂರ್ತಿಯನ್ನು ಕಾರ್ಕಳಕ್ಕೆ ಕಳುಹಿಸು ಎಂದನಂತೆ. ತಿಮ್ಮಣ್ಣ ಒಪ್ಪಲಿಲ್ಲ. ದಂಡು ಬರುವುದರೊಳಗೆ ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತುಬಿಟ್ಟ! ಯುದ್ಧ ಗೆದ್ದ ಮೇಲೆ ತೆಗೆದು ನಿಲ್ಲಿಸಿದ. ಚಿಕ್ಕಂದಿನಲ್ಲಿ ನಾನು ಹೊಳೆಗಿಳಿದಾಗಲೆಲ್ಲ ಮರಳು ಕೆದಕುತ್ತಿದ್ದೆ, ಇನ್ನೇನಾದರೂ ಸಿಕ್ಕೀತೇ ಎಂದು.

ಮೂರ್ತಿಯ ಎದುರಿನ ಎರಡು ಪುಟ್ಟ ಬಸದಿಗಳನ್ನು, ಅಂದರೆ ಜೈನ ಗುಡಿಗಳನ್ನು, ಕಟ್ಟಿಸಿದವರು ಅಜಿಲನ ರಾಣಿಯರು. ಅವುಗಳನ್ನು ನೋಡದೆ ಬರಬೇಡಿ. ಮೂರ್ತಿಯ ತಲೆಯ ಮೇಲಿಂದ ಅಭಿಷೇಕ ಮಾಡುವ ಮಹಾಮಸ್ತಕಾಭಿಷೇಕ ಇಲ್ಲಿ 2000, 2012, 2024ರಲ್ಲಿ ಆಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಸೂರ್ಯ–ಚಂದ್ರ ಜೋಡುಕರೆಯ ಕಂಬಳವೂ ಉಂಟು, ಎರಡು ಕೆಸರು ಕರೆಗಳಲ್ಲಿ ಕೋಣಗಳ ಓಟ.

ಇನ್ನು ತಂದೆತಾಯಂದಿರಿಗೆ ಎರಡು ಮಾತು. ರಜೆಯಲ್ಲಿ ನಾವು ಧರ್ಮಸ್ಥಳದ ದಾರಿಯಲ್ಲಿ ವೇಣೂರಿನಲ್ಲಿ ಕಾರು ನಿಲ್ಲಿಸುತ್ತೇವೆ, ಬಾಹುಬಲಿಯ ಮುಂದೆ ಫೋಟೋ ತೆಗೆಯುತ್ತೇವೆ, ಹೊರಡುತ್ತೇವೆ. ಮಕ್ಕಳಿಗೆ ಅಷ್ಟೇ ಊರು. ದಯವಿಟ್ಟು ಒಂದು ಬೆಳಿಗ್ಗೆ ಪೂರ್ತಿ ಅವರಿಗೆ ಕೊಡಿ. ಮೊದಲು ಹೊಳೆಗೆ ಕರೆದೊಯ್ಯಿರಿ. ಅಲ್ಲಿಂದ ಬೈಲು, ಮಜಲು, ಬೆಟ್ಟು ಎಂದು ತೋರಿಸುತ್ತ ಮೇಲೆ ಹತ್ತಿಸಿ. ಹೇಳಿಕೊಡಲು ಅಜ್ಜ ಅಜ್ಜಿಯರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಗದ್ದೆಗಳ ಹೆಸರು ಗೊತ್ತಿರುವುದು ಅವರಿಗೇ. ಮಕ್ಕಳೇ, ನೋಟ್‌ಬುಕ್ ಒಯ್ಯಿರಿ. ನೋಡಿದ್ದರ ನಕ್ಷೆ ಬರೆದು ಮುಂದಿನ ಸಂಚಿಕೆಗೆ ಕಳುಹಿಸಿ.